ಪ್ರಸ್ಥಾನಕ್ಕಿಟ್ಟ ಕೋಟು

ಎಲ್ಲಿಗಾದರೂ ಹೊರಡುವುದಿದ್ದರೆ ಹಿಂದಿನ ದಿನವೇ ಒಂದು ಚೀಲವನ್ನು ಎದುರು ಮನೆಯಲ್ಲಿಟ್ಟು ಬರುವುದು ನನ್ನ ಅಭ್ಯಾಸ. ಬೆಂಗಳೂರಿನ ಈ ಕಟ್ಟಡಕ್ಕೆ ನಾವು ಬಂದ ಮೇಲೆ ಎದುರು ಮನೆಗೆ ಮೂರು ಸಂಸಾರಗಳು ಬಂದಿವೆ. ಮೂವರಿಗೂ ನಾನು ಇದನ್ನು ವಿವರಿಸಬೇಕಾಯಿತು. ಮೊದಲನೆಯವರು ಚೀಲದಲ್ಲಿ ಬಂಗಾರವಿರಬೇಕೆಂದು ಹೆದರಿ, ನಾವು ಬರುವತನಕ ಮನೆ ಬಿಟ್ಟು ಕದಲಲಿಲ್ಲವಂತೆ. ಎರಡನೆಯವರು ನನ್ನ ಮಗಳನ್ನು ಪಕ್ಕಕ್ಕೆ ಕರೆದು, ಅಮ್ಮನಿಗೆ ಮರೆವು ಶುರುವಾಗಿದೆಯೇ ಎಂದು ಮೆಲ್ಲಗೆ ವಿಚಾರಿಸಿದರು. ಈಗಿರುವ ಹುಡುಗಿ ಒಳ್ಳೆಯವಳು. ಏನೂ ಕೇಳದೆ ಚಪ್ಪಲಿ ಗೂಡಿನ ಮೇಲೆ ಜಾಗ ಮಾಡಿಕೊಡುತ್ತಾಳೆ.

ನಾಳೆ ನಾವು ತಲಕಾಡಿಗೆ ಹೋಗಿ ಬರುವವರಿದ್ದೇವೆ. ಬೆಳಿಗ್ಗೆ ಹೋಗಿ, ಮರಳಿನಲ್ಲಿ ಹೂತ ಹಳೆಯ ಗುಡಿಗಳನ್ನು ನೋಡಿ, ಸಂಜೆಗೆ ಮನೆ ಸೇರುವುದು. ಇಷ್ಟಕ್ಕೇ ನಮ್ಮ ಯಜಮಾನರು ಹದಿನೈದು ದಿನದಿಂದ ತಯಾರಿ ನಡೆಸಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದ ಮನುಷ್ಯ. ಹಾಳೆಗೆ ಗೀಟು ಹೊಡೆದು, ಎಷ್ಟು ಗಂಟೆಗೆ ಎಲ್ಲಿ ಕಾಫಿ, ಯಾವ ಗುಡಿಗೆ ಎಷ್ಟು ನಿಮಿಷ ಎಂದೆಲ್ಲ ದುಂಡಗೆ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದಾರೆ. ನನಗೆ ನಗು ಬರುತ್ತದೆ. ಜೊತೆಗೆ ಅಪ್ಪಯ್ಯನ ನೆನಪೂ ಬರುತ್ತದೆ.

ಅಪ್ಪಯ್ಯ ಬೊಂಬಾಯಿಯ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕಿದ್ದ. ಐವತ್ತರ ದಶಕ ಮುಗಿದು ಅರವತ್ತು ಶುರುವಾಗುತ್ತಿದ್ದ ಕಾಲ ಅದು. ಕುಮಟೆಯಲ್ಲಿ, ಪೇಟೆಯ ಹಿಂದಿನ ಓಣಿಯ ಹೆಂಚಿನ ಮನೆಯಲ್ಲಿ ಅಜ್ಜಿ, ಆಯಿ, ನಾನು ಮೂವರೇ. ಅಜ್ಜಿಯೆಂದರೆ ಅಪ್ಪಯ್ಯನ ತಾಯಿ, ಆಯಿಯೆಂದರೆ ನನ್ನಮ್ಮ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಅಪ್ಪಯ್ಯ ಮೂರು ವಾರದ ರಜೆ ಹಾಕಿ ಬರುತ್ತಿದ್ದ. ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಘಟ್ಟ ಇಳಿಯುವ ಬಸ್ಸು. ಆ ಸೆಕೆಯಲ್ಲೂ ಮೈಮೇಲೆ ಬೂದು ಬಣ್ಣದ ಕೋಟು. ಬೊಂಬಾಯಿಯವ ಎಂದು ಓಣಿಗೆ ಗೊತ್ತಾಗಬೇಡವೇ? ಮನೆ ಸೇರಿದ ಕೂಡಲೇ ಅದನ್ನು ಗೂಟಕ್ಕೆ ಹಾಕಿದರೆ, ವಾಪಸ್ಸು ಹೊರಡುವ ದಿನದವರೆಗೆ ಅದು ಅಲ್ಲೇ ತೂಗುತ್ತಿತ್ತು.

ಉಳಿದ ದಿನಗಳಲ್ಲಿ ನಮಗೆ ಅಪ್ಪಯ್ಯನೆಂದರೆ ಅಂಚೆಯಲ್ಲಿ ಬರುವ ಕಾಗದ. ನನಗೆ ಓದು ಬಂದದ್ದೇ ತಡ, ಕಾಗದ ಓದುವ ಅಧಿಕಾರ ನನ್ನದಾಯಿತು. ಜಗಲಿಯಲ್ಲಿ ಅಜ್ಜಿ ಗೋಡೆಗೊರಗಿ ಕೂತು, ಹೂಂ ಎಂದ ಮೇಲೆ ಓದಬೇಕು. ತೀರ್ಥರೂಪ ಮಾತೋಶ್ರೀಯವರಿಗೆ ಸಾಷ್ಟಾಂಗ ನಮಸ್ಕಾರಗಳು ಎಂದು ಶುರು. ಮನೆಯಲ್ಲಿ ಎಲ್ಲರೂ ಸೌಖ್ಯವೆಂದು ಭಾವಿಸುತ್ತೇನೆ ಎಂದು ಕೊನೆ. ಆಯಿಯ ಹೆಸರು ಎಲ್ಲೂ ಬರುತ್ತಿರಲಿಲ್ಲ. ಆಗ ಗಂಡಸರು ಹೆಂಡತಿಗೆ ಬೇರೆ ಕಾಗದ ಬರೆದರೆ ಅದೊಂದು ದೊಡ್ಡ ಸುದ್ದಿ. ಆ 'ಎಲ್ಲರೂ' ಎಂಬ ಮಾತಿನಲ್ಲಿ ತಾನೂ ಇದ್ದೇನೆಂದು ಆಯಿ ತಿಳಿದುಕೊಳ್ಳಬೇಕು, ಅಷ್ಟೇ.

ಉತ್ತರವನ್ನು ಅಜ್ಜಿ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಅಪ್ಪಯ್ಯನಿಗೆ ಒಂದು ಚಟವಿತ್ತು. ನನ್ನ ಕಾಗದವನ್ನು ಕೆಂಪು ಶಾಯಿಯಲ್ಲಿ ತಿದ್ದಿ, ತನ್ನ ಕಾಗದದ ಜೊತೆಗಿಟ್ಟು ಹಿಂದಕ್ಕೆ ಕಳಿಸುತ್ತಿದ್ದ. ಸಂತೆಗುಳಿಯ ಅತ್ತೆಗೆ ಹೆಣ್ಣು ಕೂಸು ಹುಟ್ಟಿತು ಎಂಬ ಸಂಭ್ರಮದ ಸಾಲಿನ ಕೆಳಗೂ ಎರಡು ಕೆಂಪು ಗೆರೆ. ತಾನು ಹೇಳಿದ ಮಾತಿಗೆ ಮಗ ಕೆಂಪು ಶಾಯಿ ಹಾಕಿದನೆಂದು ಅಜ್ಜಿ ಎರಡು ದಿನ ಸಿಟ್ಟಿನಲ್ಲಿರುತ್ತಿದ್ದಳು. ನನ್ನ ಅಕ್ಷರ ಇವತ್ತಿಗೂ ಚೆನ್ನಾಗಿದ್ದರೆ ಅದಕ್ಕೆ ಆ ಕೆಂಪು ಗೆರೆಗಳೇ ಕಾರಣ. ಪಲ್ಯಕ್ಕೆ ಉಪ್ಪು ಹೆಚ್ಚೆಂದು ಯಾರಾದರೂ ಹೇಳಿದರೆ ತಡೆದುಕೊಳ್ಳದ ನನ್ನ ಸ್ವಭಾವಕ್ಕೂ ಅವೇ ಕಾರಣವಿರಬೇಕು.

ಒಮ್ಮೆ ಮುದ್ರಣಾಲಯದವರೆಲ್ಲ ಭಾನುವಾರ ದೋಣಿ ಹತ್ತಿ ಎಲಿಫೆಂಟಾ ಗುಹೆಗಳಿಗೆ ಹೋಗಿ ಬಂದರಂತೆ. ಬೆಳಿಗ್ಗೆ ಹೋಗಿ ಸಂಜೆ ಬಂದದ್ದು. ಜೊತೆಗಿದ್ದ ಒಂದಿಬ್ಬರು ಹೆಂಡತಿ ಮಕ್ಕಳನ್ನೂ ಕರೆತಂದಿದ್ದರಂತೆ. ಕಾಗದದ ತುಂಬ ಅದೇ. ಕೊನೆಯಲ್ಲಿ, ನಮ್ಮಲ್ಲೂ ಇಂಥದ್ದಿಲ್ಲವೇ, ಗೇರುಸೊಪ್ಪೆಯಲ್ಲಿ ಕಾಳುಮೆಣಸಿನ ರಾಣಿಯ ಊರು ಹಾಳುಬಿದ್ದಿದೆ, ಒಂದು ದಿನ ಸಾಕು, ಬರುವ ಮೇ ತಿಂಗಳಲ್ಲಿ ಹೋಗತಕ್ಕದ್ದು ಎಂದಿತ್ತು. ಮುಂದಿನ ಕಾಗದದಿಂದ ಯೋಜನೆ ಶುರುವಾಯಿತು.

ಒಂದು: ಕುಮಟೆಯಿಂದ ಮೊದಲ ಬಸ್ಸು. ಹಳದೀಪುರದವರೆಗೂ ಎಡಗಡೆ ಬಿಸಿಲು ಹೊಡೆಯುವುದರಿಂದ ಬಲಗಡೆ ಕೂರತಕ್ಕದ್ದು. ಎರಡು: ಹೊನ್ನಾವರದ ಬಂದರಿನಲ್ಲಿ ಲಾಂಚು ಹತ್ತುವುದು. ಮೂರು: ಲಾಂಚಿನಲ್ಲಿ ಎಂಜಿನ್ನಿನ ಹತ್ತಿರ ಕೂರಬಾರದು. ಹೀಗೇ ಹತ್ತು ಹನ್ನೆರಡರವರೆಗೆ. ಏಳನೆಯದು ಮುಖ್ಯ: ಗೇರುಸೊಪ್ಪೆಯಲ್ಲಿ ಇಳಿದ ಕೂಡಲೇ ಅಂಬಿಗರ ಹೊನ್ನಪ್ಪನನ್ನು ಕೇಳತಕ್ಕದ್ದು, ಬಸದಿ ಇರುವುದು ಹೊಳೆಯ ಆಚೆ ದಡದಲ್ಲಿ. ಗೇರುಸೊಪ್ಪೆಯ ಒಬ್ಬ ಮನುಷ್ಯ ಅಪ್ಪಯ್ಯನ ಬಾಡಿಗೆ ಖೋಲಿಯಲ್ಲೇ ಇದ್ದನಂತೆ, ಅವನು ಕೊಟ್ಟ ಹೆಸರು ಅದು. ಎಂಟನೆಯದರಲ್ಲಿ ಬಸದಿಯ ವರ್ಣನೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಒಂದು ಮುಖ ಕಾಣುವ ದೇವರು, ಬುಡದಿಂದ ತುದಿಯವರೆಗೆ ಕಲ್ಲೇ ಕಲ್ಲು.

ಅಜ್ಜಿಗೆ ಲಾಂಚೆಂದರೆ ಹೆದರಿಕೆ. ನಾನು ಚಿಕ್ಕವಳು. ಹಾಗಾಗಿ ಈ ಯೋಜನೆ ಯಾರಿಗೆ ಬರೆದದ್ದೆಂದು ಹೇಳಬೇಕಾಗಿಯೇ ಇರಲಿಲ್ಲ. ಅದನ್ನು ಓದುವ ಹೊತ್ತಿಗೆ ಆಯಿ ಅಡುಗೆಮನೆಯಿಂದ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಅಜ್ಜಿ ಎದ್ದು ಹೋದ ಮೇಲೆ ನನ್ನ ಹತ್ತಿರ ಬಂದು, "ಇನ್ನೊಂದ್ಸಲ ಓದು ಕೂಸೇ, ಲಾಂಚಿಂದು" ಎನ್ನುತ್ತಿದ್ದಳು. ನಾನು ಎಷ್ಟು ಸಲ ಓದಿದ್ದೇನೋ. ನನಗೆ ಬೇಸರ ಬಂದಾಗ ಲಂಚವಾಗಿ ಬೆಲ್ಲದ ಚೂರು ಸಿಗುತ್ತಿತ್ತು.

ಮೇ ಬಂತು, ಹೋಯಿತು. ಮೊದಲ ವರ್ಷ ಬಸ್ಸಿನ ವೇಳೆ ಬದಲಾಗಿತ್ತು. ಅಪ್ಪಯ್ಯ ಇಡೀ ಯೋಜನೆಯನ್ನು ಮತ್ತೆ ತಿದ್ದಲು ಕೂತ. ನಡುವೆ, ಗೇರುಸೊಪ್ಪೆಗಿಂತ ಭಟ್ಕಳದ ಹಳೆಯ ಕಲ್ಲುಗುಡಿಗಳೇ ವಾಸಿಯೋ ಏನೋ ಎಂಬ ಅನುಮಾನ ಹುಟ್ಟಿ ಒಂದು ವಾರ ಹೋಯಿತು. ಎರಡನೆಯ ವರ್ಷ ಕಾಗಾಲದ ದಾಯಾದಿಗಳಲ್ಲಿ ಯಾರೋ ತೀರಿಕೊಂಡು ಸೂತಕ. ಮೂರನೆಯ ವರ್ಷ ಲಾಂಚು ರಿಪೇರಿಗೆ ಹೋಗಿದೆಯೆಂದು ಯಾರೋ ಹೇಳಿದರು. ನಿಜವೇ ಎಂದು ಯಾರೂ ನೋಡಿ ಬರಲಿಲ್ಲ. ಈಗ ನನಗೆ ಅನ್ನಿಸುತ್ತದೆ, ಪ್ರೂಫ್ ತಿದ್ದುವವರಿಗೆ ಅಚ್ಚಾಗುವುದೆಂದರೇ ಭಯ. ಅಚ್ಚಾದ ಮೇಲೆ ತಪ್ಪು ಕಂಡರೆ ಮಾಡುವುದೇನು? ತಿದ್ದುತ್ತ ಇರುವವರೆಗೆ ಕ್ಷೇಮ. ಅಪ್ಪಯ್ಯನಿಗೆ ಆಯಿಯನ್ನು ಕರೆದುಕೊಂಡು ಹೋಗುವ ಆಸೆ ನಿಜವಾಗಿಯೂ ಇತ್ತು, ಕರೆದುಕೊಂಡು ಹೋದಾಗ ಏನಾದರೂ ತಪ್ಪಾದೀತೆಂಬ ಅಂಜಿಕೆ ಅದಕ್ಕಿಂತ ಒಂದು ತೂಕ ಹೆಚ್ಚಿತ್ತು.

ಆದರೆ ಆಯಿಗೆ ಅದೊಂದೇ ದಾರಿ. ಆ ಮೂರು ವಾರಗಳಲ್ಲಿ ಅಪ್ಪಯ್ಯ ಊರಿನವರ ಸೊತ್ತು. ಬೊಂಬಾಯಿಯ ಸುದ್ದಿ ಕೇಳಲು ಸಂತೆಗುಳಿಯಿಂದ, ಕಾಗಾಲದಿಂದ ನೆಂಟರು ಬಂದು ಜಗಲಿ ತುಂಬುತ್ತಿದ್ದರು. ಆಯಿ ಒಳಗೆ ಪಾನಕ ಮಾಡುತ್ತ, ತೆಳ್ಳೇವು ಎಂಬ ತೆಳುದೋಸೆ ಎರೆಯುತ್ತ ಇರಬೇಕು. ಗಂಡ ಹೆಂಡತಿ ಮಾತಾಡುವುದೆಂದರೆ ಬಡಿಸುವಾಗ. ಹಾಕಲೇ ಎಂದು ಇವಳು, ಸಾಕು ಎಂದು ಅವನು. ಚಿಕ್ಕವಳಾದ ನನಗೇ ಅದು ಕಾಣುತ್ತಿತ್ತು. ಅವಳಿಗೆ ಗಂಡನ ಪಕ್ಕ ಕೂತು ಮಾತಾಡಲು ಒಂದು ಹಗಲು ಬೇಕಿತ್ತು. ಬೇರೆ ಏನನ್ನೂ ಅವಳು ಕೇಳಿದ್ದು ನನಗೆ ನೆನಪಿಲ್ಲ.

ನಾಲ್ಕನೆಯ ಮೇ ಬಂದಾಗ ನನಗೆ ಹತ್ತು ವರ್ಷ. ಆ ಸಲವೂ ದಿನಗಳು ಜಾರಿ, ಕೊನೆಗೆ ಉಳಿದದ್ದು ಒಂದೇ ಮಂಗಳವಾರ. ಬುಧವಾರ ನೆಂಟರು ಬರುವವರು, ಗುರುವಾರ ಅಪ್ಪಯ್ಯ ವಾಪಸ್ಸು. ಮಂಗಳವಾರ ಪ್ರಯಾಣ ಹೊರಡಬಾರದು ಎಂದು ಅಜ್ಜಿ ತೀರ್ಪು ಕೊಟ್ಟಳು. ಅಪ್ಪಯ್ಯ ಒಂದು ಮಾತೂ ವಾದಿಸಲಿಲ್ಲ. ಯೋಜನೆಯ ಹಾಳೆಯನ್ನು ಮಡಚಿ, ಗೂಟದಲ್ಲಿದ್ದ ಕೋಟಿನ ಒಳಜೇಬಿಗೆ ಸೇರಿಸಿದ. ಮುಖದಲ್ಲಿ ಪರೀಕ್ಷೆ ಮುಂದೆ ಹೋದ ವಿದ್ಯಾರ್ಥಿಯ ನೆಮ್ಮದಿ. ಆಯಿ ನೋಡಿದಳು. ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಮಡಚಿದ ಪಂಚೆಯಲ್ಲಿ ಏನೋ ಗಂಟು ಕಟ್ಟಿಕೊಂಡು ಅವಳು ಎದುರು ಮನೆಯ ಶಾಂತಾಬಾಯಿಯ ಹತ್ತಿರ ಹೋದಳು. ಶಾಂತಾಬಾಯಿ ಮನೆಯಲ್ಲಿ ಕೊಂಕಣಿ ಮಾತಾಡುವವಳು, ಆಯಿಯ ಜೀವದ ಗೆಳತಿ. ಐದು ನಿಮಿಷದಲ್ಲಿ ತಿರುಗಿ ಬಂದು ಅಜ್ಜಿಯ ಮುಂದೆ ನಿಂತಳು.

"ಅತ್ತೇ, ಪ್ರಸ್ಥಾನ ಇಟ್ಟಿಕ್ಕಿ ಬಂದೆ" ಎಂದಳು. "ಸೋಮವಾರವೇ ಹೊರಟಾಂಗೆ ಆತು."

ಪ್ರಸ್ಥಾನವೆಂದರೆ ನಮ್ಮ ಮನೆಯ ಹಳೆಯ ಪದ್ಧತಿ. ಹೊರಡಬೇಕಾದ ದಿನ ಒಳ್ಳೆಯದಲ್ಲದಿದ್ದರೆ, ಹಿಂದಿನ ಒಳ್ಳೆಯ ದಿನದಲ್ಲಿ ಯಜಮಾನನ ಬಟ್ಟೆ, ಒಂದು ತೆಂಗಿನಕಾಯಿ, ಒಂದು ಹಿಡಿ ಅಕ್ಕಿ ಗಂಟು ಕಟ್ಟಿ ಬೇರೆಯವರ ಮನೆಯಲ್ಲಿಡುವುದು. ಇಟ್ಟ ಗಳಿಗೆಗೇ ಹೊರಟ ಲೆಕ್ಕ. ಮರುದಿನ ಹೋಗುವಾಗ ಅದನ್ನೆತ್ತಿಕೊಂಡು ಹೋದರಾಯಿತು. ಆದರೆ ಒಂದು ನಿಯಮವಿದೆ: ಇಟ್ಟದ್ದನ್ನು ಪ್ರಯಾಣ ಮಾಡದೆ ಮನೆಯೊಳಗೆ ತರುವಂತಿಲ್ಲ. ವರ್ಷಕ್ಕೆ ಎರಡು ಸಲ ಗೋಕರ್ಣಕ್ಕೆ ಹೋಗುವ ಅಜ್ಜಿಯೇ ಇದನ್ನೆಲ್ಲ ಸೊಸೆಗೆ ಕಲಿಸಿದವಳು. ಈಗ ತಾನು ಹೆಣೆದ ಬಲೆಯಲ್ಲಿ ತಾನೇ ಸಿಕ್ಕಿದಳು. ಸೊಸೆಯ ಮುಖ ನೋಡಿದ ಅಜ್ಜಿ, ಕಾಯಿ ಇಟ್ಟಿದ್ದೀಯಾ, ಅಕ್ಕಿ ಇಟ್ಟಿದ್ದೀಯಾ ಎಂದು ಎರಡೇ ಪ್ರಶ್ನೆ ಕೇಳಿದಳು. ಎರಡಕ್ಕೂ ಹೌದೆಂಬ ಉತ್ತರ ಬಂತು. "ಹಂಗಾರೆ ಇನ್ನು ನಾ ಎಂತ ಹೇಳ್ಲಿ" ಎಂದು ಎದ್ದು ಹೋದಳು. ಅಪ್ಪಯ್ಯ ಗೂಟ ನೋಡಿದ. ಕೋಟು ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಬುತ್ತಿಯ ಡಬ್ಬಿ, ಒಂದು ಚೀಲ ಇಶಾಡು ಮಾವಿನಹಣ್ಣು ಹಿಡಿದು ಹೊರಬಿದ್ದೆವು. ಎದುರು ಮನೆಯ ಬಾಗಿಲಿಗೆ ಬೀಗ. ಶಾಂತಾಬಾಯಿ ಮಕ್ಕಳನ್ನು ಕಟ್ಟಿಕೊಂಡು ನಸುಕಿನಲ್ಲೇ ಅಂಕೋಲೆಯ ತವರಿಗೆ ಹೋಗಿದ್ದಳು. ಅಪ್ಪಯ್ಯ ಬೀಗವನ್ನು ಎರಡು ಸಲ ಎಳೆದು ನೋಡಿದ. ಕಿಟಕಿಯಲ್ಲಿ ಇಣುಕಿದ. ಒಳಗೆ ಬೆಂಚಿನ ಮೇಲೆ ಗಂಟು ಕಾಣುತ್ತಿತ್ತಂತೆ.

"ಕಾಗದ ಅದ್ರಲ್ಲಿದ್ದು" ಎಂದ. ಅವನ ದನಿ ಸಣ್ಣದಾಗಿತ್ತು. "ಕಾಗದ ಇಲ್ದೇ ಹ್ಯಾಂಗೆ ಹೋಪದು?"

"ಪ್ರಸ್ಥಾನ ಇಟ್ಟಾತು, ಇನ್ನು ತಿರುಗ್ಲಾಗ" ಎಂದಳು ಆಯಿ. "ಬಸ್ಸು ಬತ್ತು, ನಡೀರಿ."

ಹೀಗೆ ಮೂರು ವರ್ಷ ತಿದ್ದಿದ ಯೋಜನೆಯನ್ನು ಬೀಗದೊಳಗೆ ಬಿಟ್ಟು ನಾವು ಹೊರಟೆವು. ಬಸ್ಸಿನಲ್ಲಿ ಅಪ್ಪಯ್ಯ ಗಾಬರಿಯಲ್ಲಿ ಎಡಗಡೆಯೇ ಕೂತ. ಹಳದೀಪುರದವರೆಗೂ ಬಿಸಿಲು ಮುಖಕ್ಕೆ ರಾಚಿತು. ಆಯಿ ಸೆರಗನ್ನು ತಲೆಗೆಳೆದುಕೊಂಡು ಸುಮ್ಮನೆ ಕೂತಳು. ಹೊನ್ನಾವರದ ಬಂದರಿಗೆ ನಾವು ತಲುಪುವಾಗ ಮೊದಲ ಲಾಂಚು ಹೊಳೆಯ ನಡುವೆ ಹೊಗೆ ಬಿಡುತ್ತ ಹೋಗುತ್ತಿತ್ತು. ಮುಂದಿನದಕ್ಕೆ ಕಾದೆವು. ಅದು ಬಂದಾಗ ನಮಗೆ ಸಿಕ್ಕಿದ ಜಾಗ ಎಂಜಿನ್ನಿನ ಪಕ್ಕದ್ದು.

ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಬೇಕಾದರೆ ಹತ್ತಿರ ಕೂರಬೇಕು. ಅಪ್ಪಯ್ಯ, ಆಯಿ ಹತ್ತಿರ ಕೂತರು. ಮೊದಲು ಅಪ್ಪಯ್ಯ ಅಭ್ಯಾಸದಂತೆ ಎದೆಯ ಹತ್ತಿರ ಕೈ ಹಾಕಿ ಇಲ್ಲದ ಜೇಬು ಹುಡುಕುತ್ತಿದ್ದ. ಒಂದೆರಡು ಕಡೆ ಲಾಂಚು ನಿಂತು, ಜನ ಇಳಿದು, ದಡದ ತೆಂಗಿನ ತೋಟಗಳು ಹಿಂದಾಗುವ ಹೊತ್ತಿಗೆ ಹುಡುಕುವುದನ್ನು ಬಿಟ್ಟ. ಆಯಿ ಕೇಳುತ್ತ ಹೋದಳು. ಖಾನಾವಳಿಯಲ್ಲಿ ಸಾರು ಹೇಗಿರುತ್ತದೆ, ಖೋಲಿಯಲ್ಲಿ ಎಷ್ಟು ಜನ, ಹಾಸಿಗೆ ಎಲ್ಲಿ, ಕಿಟಕಿ ಇದೆಯೇ. ಆರು ಜನರ ಖೋಲಿಯಂತೆ. ಇವನ ಹಾಸಿಗೆ ಬಾಗಿಲ ಹತ್ತಿರವಂತೆ, ಯಾರು ಎದ್ದು ಹೋದರೂ ಇವನನ್ನು ದಾಟಿಯೇ ಹೋಗಬೇಕಂತೆ. ಜಗಲಿಯಲ್ಲಿ ನೆಂಟರಿಗೆ ಹೇಳುತ್ತಿದ್ದ ಬೊಂಬಾಯಿ ಬೇರೆಯೇ ಇತ್ತು.

"ಜ್ವರ ಬಂದ್ರೆ ಯಾರು ನೋಡ್ತ?" ಎಂದು ಆಯಿ ಕೇಳಿದಳು.

ಅಪ್ಪಯ್ಯ ನೀರು ನೋಡಿದ. "ಯಾರೂ ಇಲ್ಲೆ. ಹೋದ ಮಳೆಗಾಲದಲ್ಲಿ ಎಂಟು ದಿನ ಮಲಗಿದ್ದೆ. ನೀ ಹೆದರ್ತೆ ಹೇಳಿ ಕಾಗದದಲ್ಲಿ ಬರದ್ನಿಲ್ಲೆ."

ಆಯಿ ಅವನ ಅಂಗಿಯ ತೋಳು ಹಿಡಿದುಕೊಂಡಳು. ಗೇರುಸೊಪ್ಪೆ ಬರುವತನಕ ಬಿಡಲಿಲ್ಲ. ಎದುರಿಗೆ ಅಷ್ಟು ಜನ ಕೂತಿದ್ದರು, ನನಗೆ ನಾಚಿಕೆಯಾಯಿತು. ಇವತ್ತು ಅದನ್ನು ನೆನೆದರೆ ನನ್ನ ಕಣ್ಣು ತುಂಬುತ್ತದೆ.

ಗೇರುಸೊಪ್ಪೆಯಲ್ಲಿ ಇಳಿದಾಗ ನಡು ಮಧ್ಯಾಹ್ನ. ಆಚೆ ದಡದಲ್ಲಿ ದಟ್ಟ ಕಾಡು. ಅದರೊಳಗೆಲ್ಲೋ ರಾಣಿಯ ಊರು. ದೋಣಿಗಳು ದಡದಲ್ಲಿ ಬೋರಲಾಗಿ ಮಲಗಿದ್ದವು, ಅಂಬಿಗರೆಲ್ಲ ಯಾವುದೋ ಮದುವೆಯ ಊಟಕ್ಕೆ ಹೋಗಿದ್ದರು. ಚಹಾ ಅಂಗಡಿಯವನು, ಯಾರು ಬೇಕು ಹೇಳಿ, ಕರೆಸಿಕೊಡುತ್ತೇನೆ ಎಂದ. ಅಪ್ಪಯ್ಯ ಹಣೆ ಉಜ್ಜಿಕೊಂಡ. ತಾನೇ ಹತ್ತು ಸಲ ತಿದ್ದಿ ಬರೆದ ಹೆಸರು, ಹಾಳೆಯಿಲ್ಲದೆ ನಾಲಿಗೆಗೆ ಬರಲೊಲ್ಲದು. ನನಗೂ ನೆನಪಾಗಲಿಲ್ಲ, ಬೆಲ್ಲಕ್ಕಾಗಿ ಓದಿದವಳಿಗೆ ಹೇಗೆ ನೆನಪಿರಬೇಕು? ಆಯಿಯ ಕಡೆ ನೋಡಿದೆವು. ಅವಳು ಬುತ್ತಿಯ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ಮಗ್ನಳಾಗಿದ್ದಳು. ಕೊನೆಯ ಲಾಂಚು ಇನ್ನೊಂದು ಗಂಟೆಗೆ ಹೊರಡುವುದೆಂದು ಅಂಗಡಿಯವನು ಹೇಳಿದ.

ಹೊಳೆದಂಡೆಯ ನೆರಳಿನಲ್ಲಿ ಕೂತು ತೆಳ್ಳೇವು, ಮೊಸರನ್ನ, ಮಾವಿನಹಣ್ಣು ತಿಂದೆವು. ಹಾಳು ಊರು ನೋಡದೆ ಹೋಗುವುದೆಂದು ನಾನು ಮುಖ ಊದಿಸಿಕೊಂಡಿದ್ದೆ. ಅಪ್ಪಯ್ಯ ಸೋತವನ ಹಾಗೆ ಕೂತಿದ್ದ. ಎಲ್ಲ ತನ್ನದೇ ತಪ್ಪು, ಮುಂದಿನ ವರ್ಷ ಸರಿಯಾಗಿ ಯೋಜನೆ ಮಾಡೋಣ ಎಂದ. ಯೋಜನೆ ಎಂಬ ಮಾತು ಕೇಳಿದ್ದೇ ಆಯಿ ನಕ್ಕಳು. ತಡೆಯಲಾಗದೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಅಪ್ಪಯ್ಯ ಮೊದಲು ಕಕ್ಕಾಬಿಕ್ಕಿಯಾಗಿ, ಆಮೇಲೆ ತಾನೂ ನಕ್ಕ. ಆಯಿ ಬಾಯಿಬಿಟ್ಟು ನಗುತ್ತಾಳೆಂಬುದು ನನಗೆ ಗೊತ್ತಾದದ್ದು ಅವತ್ತೇ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆವು. ಅಜ್ಜಿ ಜಗಲಿಯಲ್ಲೇ ಕಾದಿದ್ದಳು. ಮಂಗಳವಾರ ಹೊರಟವರಿಗೆ ಏನಾಯಿತೆಂದು ತಿಳಿಯುವ ಕುತೂಹಲ. "ಎಂತ ಕಂಡೆ?" ಎಂದು ಸೊಸೆಯನ್ನು ಕೇಳಿದಳು. ಏನೂ ಕಾಣಲಿಲ್ಲವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ಶುರುಮಾಡಿದಳು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಒಂದು ಮುಖ ಕಾಣುವ ದೇವರು, ಬುಡದಿಂದ ತುದಿಯವರೆಗೆ ಕಲ್ಲೇ ಕಲ್ಲು. ಒಂದು ಅಕ್ಷರ ತಪ್ಪದೆ ಎಂಟನೆಯ ಕಲಮು. ಹೊಳೆ ಹೇಗೆ ದಾಟಿದಿರಿ ಎಂದಳು ಅಜ್ಜಿ. "ಅಂಬಿಗರ ಹೊನ್ನಪ್ಪ ಹೇಳಿ ಇದ್ದ, ಅವ ದಾಟಿಸ್ದ" ಎಂದಳು ಆಯಿ.

ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ ಅಪ್ಪಯ್ಯ ಚೊಂಬು ಹಿಡಿದವನು ಹಾಗೇ ನಿಂತ. ಅವಳ ಮುಖವನ್ನೇ ನೋಡಿದ. ಆಯಿ ಅವನ ಕಡೆ ನೋಡದೆ ಒಲೆ ಹೊತ್ತಿಸಲು ಒಳಗೆ ಹೋದಳು.

ಶಾಂತಾಬಾಯಿ ಬಂದದ್ದು ಹತ್ತು ದಿನ ಬಿಟ್ಟು. ಅಷ್ಟರಲ್ಲಿ ಅಪ್ಪಯ್ಯ ಕೋಟಿಲ್ಲದೆ ಬೊಂಬಾಯಿ ಸೇರಿದ್ದ. ಗಂಟು ಪ್ರಯಾಣ ಮಾಡಿಲ್ಲ, ಆದ್ದರಿಂದ ಮನೆಯೊಳಗೆ ತರುವಂತಿಲ್ಲ ಎಂದು ಅಜ್ಜಿಯೇ ಹೇಳಿದಳು. ಕೋಟು ಒಂದು ವರ್ಷ ಶಾಂತಾಬಾಯಿಯ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಕಳೆಯಿತು. ಪ್ರಸ್ಥಾನ ಬಾಕಿ ಇರುವಾಗ ಹೋಗದೆ ಇರುವ ಮಾತೆಲ್ಲಿ? ಮುಂದಿನ ಮೇಯಲ್ಲಿ ಬಂದ ಎರಡನೆಯ ದಿನವೇ ಅಪ್ಪಯ್ಯ ತಾನಾಗಿ ಹೊರಡಿಸಿದ. ಹೊನ್ನಪ್ಪ ದಾಟಿಸಿದ, ಬಸದಿ ನೋಡಿದೆವು. ಆಯಿ ಹೇಳಿದ ಹಾಗೆಯೇ ಇತ್ತು. ಆ ದಿನದ್ದು ನನಗೆ ಅಷ್ಟಾಗಿ ನೆನಪಿಲ್ಲ.

ಅಪ್ಪಯ್ಯ ತೀರಿಹೋದ ಮೇಲೆ ಆಯಿ ಕೆಲವು ವರ್ಷ ನಮ್ಮೊಡನೆ ಇಲ್ಲೇ ಇದ್ದಳು. ಒಂದು ಮಧ್ಯಾಹ್ನ ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. ಹೊನ್ನಪ್ಪನ ಹೆಸರು ಗೊತ್ತಿದ್ದೂ ಯಾಕೆ ಹೇಳಲಿಲ್ಲ? ಶಾಂತಾಬಾಯಿ ಊರಿಗೆ ಹೋಗುವುದು ಮೊದಲೇ ಗೊತ್ತಿತ್ತೇ? ಆಯಿ ಸೊಪ್ಪಿನಿಂದ ತಲೆಯೆತ್ತದೆ, ಶಾಂತಾಬಾಯಿ ವಾರದ ಮೊದಲೇ ಹೇಳಿದ್ದಳು ಎಂದಳು.

"ಆ ಕಾಗದ ಕೈಲಿದ್ರೆ ನಿನ್ನ ಅಪ್ಪಯ್ಯಂಗೆ ಅದ್ನೇ ನೋಡದಾಗ್ತಿತ್ತು, ಕೂಸೇ" ಎಂದು ಸೇರಿಸಿದಳು. "ನನ್ನ ನೋಡ್ಲೆ ಪುರಸೊತ್ತೆಲ್ಲಿದ್ದು?"

ಇವತ್ತು ಸಂಜೆ ಎದುರು ಮನೆಗೆ ಚೀಲ ಕೊಡಲು ಹೋದಾಗ ಆ ಹುಡುಗಿ, ಆಂಟೀ, ನಾಳೆ ನಾವು ಐದು ಗಂಟೆಗೇ ಮೈಸೂರಿಗೆ ಹೋಗುತ್ತಿದ್ದೇವೆ, ಬಾಗಿಲು ಹಾಕಿರುತ್ತದೆ, ಪರವಾಗಿಲ್ಲವೇ ಎಂದು ಕೇಳಿದಳು. ಪರವಾಗಿಲ್ಲ, ಇರಲಿ ಎಂದೆ. ಯಜಮಾನರು ಒಳಗೆ ಮೇಜಿನ ಖಾನೆಗಳನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದಾರೆ. ಏನು ಹುಡುಕುತ್ತಿದ್ದೀರಿ ಎಂದು ನಾನು ಕೇಳಿಲ್ಲ.